ಬೆಲ್ಟ್ ಮೇಷ್ಟ್ರ ಪಕ್ಕೆಲುಬು

ಕಾರು ಕಲಿಸುವ ಅವರನ್ನು ಎಲ್ಲರೂ ಬೆಲ್ಟ್ ಮೇಷ್ಟ್ರು ಎನ್ನುತ್ತಿದ್ದರು. "ಸೀಟ್ ಬೆಲ್ಟ್ ಹಾಕಿದ್ರೆ ಟಕ್ ಅಂತ ಸದ್ದು ಕೇಳಬೇಕು!" ಎಂಬ ಗದರಿಕೆ ಇಲ್ಲದೆ ಅವರ ಪಾಠವೇ ಶುರುವಾಗುತ್ತಿರಲಿಲ್ಲ. ತಾವು ಮಾತ್ರ ಬೆಲ್ಟನ್ನು ಎದೆಯ ಮೇಲೆ ಎಳೆದು, ತುದಿಯನ್ನು ತೊಡೆಯಡಿ ಒತ್ತಿಟ್ಟುಕೊಂಡು ಕೂರುತ್ತಿದ್ದರು, ಪುಣ್ಯಾತ್ಮ. ಬಾಗಿ ಸ್ಟಿಯರಿಂಗ್ ಹಿಡಿಯಲು ಅಡ್ಡಿಯಂತೆ!

ಆ ಬೆಳಿಗ್ಗೆ ಕಲಿಯಲು ಬಂದವರು ಟೈಲರ್ ಅಕ್ಕ. ನಾಯಿಯೊಂದು ಅಡ್ಡ ಬಂದಾಗ ಅವರು ಗಾಬರಿಯಿಂದ ಸ್ಟಿಯರಿಂಗ್ ತಿರುಗಿಸಿದ್ದೇ, ಕಾರು ಕಂಬಕ್ಕೆ ಗುದ್ದಿತು. ಅಕ್ಕನ ಎದೆಯ ಮೇಲೆ ಬೆಲ್ಟಿನ ಬಾಸುಂಡೆಯಷ್ಟೇ ಎದ್ದಿತು. ಮೇಷ್ಟ್ರು ಮುಂದಕ್ಕೆ ಅಪ್ಪಳಿಸಿ ಅವರ ಬಲಗಡೆಯ ಪಕ್ಕೆಲುಬುಗಳು ಮುರಿದವು. ಒಂದರ ಚೂಪು ತುದಿ ಶ್ವಾಸಕೋಶಕ್ಕೆ ಚುಚ್ಚಿ, ಗಾಳಿ ಸೋರಿ, ಅದು ಕುಗ್ಗಿಹೋಯಿತು.

ಆಸ್ಪತ್ರೆಯಲ್ಲಿ ಪಕ್ಕೆಗೆ ಪೈಪು ಹಾಕಿ, ಅದರ ತುದಿಯನ್ನು ಮಂಚದ ಕೆಳಗಿನ ನೀರಿನ ಬಾಟಲಿಗೆ ಬಿಟ್ಟರು. ಕೆಮ್ಮಿದಾಗಲೆಲ್ಲ ಅಲ್ಲಿ ಗುಳ್ಳೆ ಏಳುತ್ತಿತ್ತು.

"ಎದೆಗೆ ಪಟ್ಟಿ ಬಿಗಿಯಲ್ವಾ?" ಎಂದು ಹೆಂಡತಿ ಕೇಳಿದರು.

"ಬಿಗಿದ್ರೆ ಉಸಿರಾಟಕ್ಕೇ ತೊಂದರೆ ಅಮ್ಮ," ಎಂದರು ಡಾಕ್ಟರಮ್ಮ. "ನೋವಿಗೆ ಔಷಧಿ ಕೊಡ್ತೀವಿ. ಇವರು ಚೆನ್ನಾಗಿ ಉಸಿರೆಳೀಬೇಕು, ಕೆಮ್ಮಬೇಕು. ಇಲ್ಲಾಂದ್ರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತೆ." ಆಮೇಲೆ ಮೇಷ್ಟ್ರ ಎದೆ ನೋಡಿ, "ಬೆಲ್ಟಿನ ಗುರುತೇ ಇಲ್ವಲ್ಲ?" ಎಂದರು.

"ಕಿತ್ತು ಬಂತು," ಎಂದುಬಿಟ್ಟರು ಮೇಷ್ಟ್ರು.

ಹೆಂಡತಿ ನಂಬಿ ಟೈಲರ್ ಅಕ್ಕನಿಗೆ ಹಿಡಿಶಾಪ ಹಾಕಿದರು. ಮೇಷ್ಟ್ರು ತಡೆಯಲಿಲ್ಲ.

ಸಂಜೆ ಅಕ್ಕನೇ ಬಂದು ಮಂಚದ ಹತ್ತಿರ ತಲೆ ತಗ್ಗಿಸಿ ನಿಂತರು. "ನಿಮ್ಮ ಜೀವಕ್ಕೇ ಕುತ್ತು ತಂದೆ ಸಾರ್. ಇನ್ನು ಕಾರು ಮುಟ್ಟಲ್ಲ. ಹೊಲಿದ ಬಟ್ಟೆ ಸಾಗಿಸೋಕೆ ಅಂತ ಗೊತ್ತುಮಾಡಿದ್ದ ವ್ಯಾನೂ ಬೇಡ ಅಂದ್ಬಿಡ್ತೀನಿ."

ಆ ವ್ಯಾನಿನ ಕನಸನ್ನು ಮೇಷ್ಟ್ರು ಪ್ರತಿ ಪಾಠದಲ್ಲೂ ಕೇಳಿದ್ದರು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

"ಬೆಲ್ಟ್ ಕಿತ್ತು ಬರ್ಲಿಲ್ಲಮ್ಮ," ಎಂದು ಏದುಸಿರಿನಲ್ಲಿ ಹೇಳಿದರು. "ನಾನು... ಹಾಕೇ ಇರ್ಲಿಲ್ಲ."

ಹೆಂಡತಿ ಸರ್ರನೆ ತಿರುಗಿದರು. ಅಕ್ಕ ಮಾತ್ರ ಬೆಚ್ಚಲಿಲ್ಲ.

"ಗೊತ್ತು ಸಾರ್. ದಿನಾ ಒಂದೇ ಟಕ್ ಕೇಳ್ತಿತ್ತು, ನಂದು. ಕಲಿಸೋರಿಗೇ ಹೇಗೆ ಹೇಳೋದು ಅಂತ ಸುಮ್ಮನಾದೆ. ಅದಕ್ಕೇ ಕ್ಷಮೆ ಕೇಳೋಕೆ ಬಂದೆ."

"ವ್ಯಾನ್ ಬಿಡಬೇಡಿ," ಎಂದರು ಮೇಷ್ಟ್ರು. "ನಾನೇ ಕಲಿಸ್ತೀನಿ."

"ಸರಿ. ಆದ್ರೆ ಎರಡು ಟಕ್ ಕೇಳಿದ ಮೇಲೇ ನಾನು ಗಾಡಿ ತೆಗೆಯೋದು."

ಮೇಷ್ಟ್ರಿಗೆ ಗೋಡೆಯ ಕಡೆ ಹೊರಳಿ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಪೈಪು ಆ ಕಡೆಯ ಪಕ್ಕೆಯಲ್ಲೇ ಇದ್ದುದರಿಂದ ಹೊರಳಲಾಗಲಿಲ್ಲ. ಇಬ್ಬರಿಗೂ ಮುಖ ತೋರಿಸಿಕೊಂಡೇ ಮಲಗಿದರು.