ಅಂಡಿಗಿಯೊಳಗಿನ ಅರಳಿ

ಇಪ್ಪತ್ತು ವರ್ಷದ ಹಿಂದೆ ನನಗೆ ಕಲಿತದ್ದನ್ನು ಸಿಕ್ಕವರಿಗೆಲ್ಲ ಹೇಳುವ ಚಟವಿತ್ತು. ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟ ಬಸ್ಸಿನಲ್ಲಿ, ಹೆಂಡತಿಯನ್ನು ದವಾಖಾನೆಗೆ ಕರೆದೊಯ್ಯುತ್ತಿದ್ದ ಕಾಕಾ ಒಬ್ಬರು ನನ್ನ ಕೆಲಸ ಏನೆಂದು ಕೇಳಿದರು.

"ಲ್ಯಾಬಿನ್ಯಾಗ ಕ್ಯಾನ್ಸರ್ ಜೀವಕೋಶ ಒತ್ತಿ ನೋಡತೇನ್ರಿ. ಅವು ಚಲೋ ಕೋಶಕ್ಕಿಂತ ಮೆತ್ತಗ ಇರತಾವು, ಅದಕ್ಕ ಸಣ್ಣ ಸಂದಿಯೊಳಗೂ ನುಸುಳತಾವು" ಎಂದೆ, ಜಂಬದಿಂದ.

ಕಾಕಾನ ಮುಖಕ್ಕೆ ಜೀವ ಬಂತು. "ಇಕಿ ಕುತ್ತಿಗಿ ಗಂಟು ಕಲ್ಲಿನಂಗ ಗಟ್ಟಿ ಐತ್ರಿ. ಹಂಗಾರ ಇದು ಅದಲ್ಲ! ಏಳ, ದವಾಖಾನಿ ಬ್ಯಾಡ, ಇಲ್ಲೇ ಇಳಿಯೂಣು."

ಗಂಟು ಗಟ್ಟಿ, ಒಳಗಿನ ಕೋಶ ಮೆತ್ತಗೆ, ಎರಡೂ ಖರೆ ಎಂದು ತೊದಲಿದೆ. ಕಾಕಾ ಆಗಲೇ ಎದ್ದು ನಿಂತಿದ್ದರು.

ಕಿಟಕಿ ಬಳಿ ಕುಳಿತಿದ್ದ ಅವರ ಹೆಂಡತಿ, ಕಾಕು, ಮೊದಲ ಸಲ ಬಾಯಿ ಬಿಟ್ಟರು. "ಹತ್ತಿ ಜಿನ್ನಿನ್ಯಾಗ ಅರಳಿ ಒತ್ತಿ ಅಂಡಿಗಿ ಕಟ್ಟೂದು ನೋಡಿಲ್ಲೇನು? ಅಂಡಿಗಿ ಕಲ್ಲಿನಂಗ ಇರತೈತಿ, ಒಳಗಿನ ಅರಳಿ ಮೆತ್ತಗ. ಸುಮ್ನ ಕುಂಡ್ರಿ. ತೋರಿಸ್ಕೊಂಡ ಹೋಗೂಣು."

ಕಾಕಾ ಕುಳಿತರು.

ಆಮೇಲೆ ಎಷ್ಟೋ ಸಭೆಗಳಲ್ಲಿ ಆ ಅಂಡಿಗಿಯ ಮಾತು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಯಾರ ಮಾತೆಂದು ಹೇಳೋಣವೆಂದರೆ, ನನ್ನ ಜಾಣತನ ತೋರಿಸುವ ಗಡಿಬಿಡಿಯಲ್ಲಿ ಕಾಕುವಿನ ಹೆಸರನ್ನೇ ಕೇಳಿರಲಿಲ್ಲ.