ಜಯಮ್ಮನ ಮಂಕರಿಗೆ ಹೋದ ಮೊಟ್ಟೆಗಳು

ಸೌಮ್ಯ, ಜಯಮ್ಮನ ಕೋಳಿಯ ಕೆಳಗೆ ನೀನು ಇಟ್ಟ ಮೊಟ್ಟೆಗಳಲ್ಲಿ ಒಂದೂ ಮರಿಯಾಗಲಿಲ್ಲವಲ್ಲ — ಅದು ನಿನ್ನ ಕೈಯ ದೋಷವಲ್ಲ. ಮರಿಯಾಗದ ಮೊಟ್ಟೆಗಳನ್ನೇ ಹುಡುಕಿ ನಿನ್ನ ಕೈಗೆ ಕೊಟ್ಟವಳು ನಾನು. ಗೊತ್ತಿದ್ದೇ ಕೊಟ್ಟೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಕೊಟ್ಟೆ.

ಅತ್ತೆಯಾದವಳು ಸೊಸೆಯ ಮೇಲೆ ಹೊಟ್ಟೆಕಿಚ್ಚು ಪಡುವುದು ಲೋಕಕ್ಕೆ ಹೊಸದಲ್ಲ. ಮಗನನ್ನು ಕಿತ್ತುಕೊಂಡಳೆಂದು ಪಡುತ್ತಾರೆ, ಒಡವೆಗೆ ಪಡುತ್ತಾರೆ, ಮೈಬಣ್ಣಕ್ಕೆ ಪಡುತ್ತಾರೆ. ನನಗೆ ಅವು ಯಾವುವೂ ಇರಲಿಲ್ಲ. ನನ್ನ ಮಗ ನಿನ್ನ ಹಿಂದೆ ಮುಂದೆ ಸುತ್ತಿದರೆ ನನಗೆ ನಗು ಬರುತ್ತಿತ್ತು. ನಾನು ಉರಿದದ್ದು ಕೋಳಿಯ ವಿಷಯಕ್ಕೆ. ಹೇಳಿದರೆ ಯಾರೂ ನಂಬುವುದಿಲ್ಲ — ಅದಕ್ಕೇ ಈ ನಾಲ್ಕು ವರ್ಷ ಯಾರಿಗೂ ಅನುಮಾನವೇ ಬರಲಿಲ್ಲ.

ಕಿರುಗಾವಲಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಕೋಳಿ ಕಾವಿಗೆ ಬಂದರೂ ನನಗೆ ಕರೆ ಬರುತ್ತಿತ್ತು. ಮಂಕರಿ ಬುಟ್ಟಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಚೂರು ಕಬ್ಬಿಣ, ಒಂದು ತುಂಡು ಇದ್ದಿಲು ಅದರಡಿ ಇಟ್ಟು, ಹೊತ್ತು ಮುಳುಗಿದ ಮೇಲೆ ಮೊಟ್ಟೆ ಜೋಡಿಸಿ ಕೋಳಿ ಕೂರಿಸುವುದು. ಇಷ್ಟೇ ಕೆಲಸ, ಯಾರು ಬೇಕಾದರೂ ಮಾಡಬಹುದು. ಆದರೆ ಕೈಗುಣ ಇದ್ದವರು ಇಟ್ಟರೆ ಮಾತ್ರ ಮರಿ ಚೆನ್ನಾಗಿ ಒಡೆಯುತ್ತವೆ ಎಂದು ನಮ್ಮವರ ನಂಬಿಕೆ. "ಸರೋಜಮ್ಮನ ಕೈಲಿ ಮಡಗ್ಸಿ" ಅನ್ನುತ್ತಿದ್ದರು. ನನಗೆ ದೊಡ್ಡ ಓದಿಲ್ಲ, ಸೋಬಾನೆ ಹಾಡಲು ಕಂಠವಿಲ್ಲ, ನನ್ನ ಸಾರನ್ನು ಯಾರೂ ಎರಡನೇ ಸಲ ಕೇಳಿ ಹಾಕಿಸಿಕೊಂಡವರಲ್ಲ. ಊರಲ್ಲಿ ನನಗೆ ಅಂತ ಇದ್ದ ಹೆಸರು ಅದೊಂದೇ.

ನೀನು ಈ ಮನೆಗೆ ಬಂದಾಗ ಕೋಳಿಯನ್ನು ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ನೋಡಿದವಳಲ್ಲ. ಬ್ಲಫ್ ಊರಿನ ಕ್ವಾಟ್ರಸ್‌ನಲ್ಲಿ ಹುಟ್ಟಿ ಬೆಳೆದವಳು, ಅಲ್ಲಿನ ಪವರ್ ಹೌಸ್ ನೌಕರರ ಮಗಳು. ಬಂದ ಹೊಸದರಲ್ಲಿ ನೀನು ಗಾಡಿಯಲ್ಲಿ ಮಾರಿಕೊಂಡು ಬಂದವನ ಹತ್ತಿರ ಗುಲಾಬಿ, ಹಸಿರು ಬಣ್ಣ ಹಚ್ಚಿದ ಮರಿಗಳನ್ನು ಕೊಂಡೆ. ಆಳವಾದ ಬಟ್ಟಲಲ್ಲಿ ನೀರಿಟ್ಟೆ, ಬರೀ ಸಿಮೆಂಟು ನೆಲದ ಮೇಲೆ ಮಲಗಿಸಿದೆ. ಒಂದು ನೀರಿಗೆ ಬಿದ್ದು ಸತ್ತಿತು, ಉಳಿದವು ಚಳಿಗೆ ಒಂದರ ಮೇಲೊಂದು ಬಿದ್ದು ಸತ್ತವು. ನೀನು ಹಿತ್ತಲಲ್ಲಿ ಅಳುತ್ತಾ ಕೂತಿದ್ದೆ, ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆಗ ನಿನ್ನನ್ನು ಕಂಡರೆ ನನಗೆ ತುಂಬ ಪ್ರೀತಿ. ಏನೂ ಬಾರದವರ ಮೇಲೆ ಪ್ರೀತಿ ಇಡುವುದು ಸುಲಭ.

ಮೊದಲಿಂದ ಕಲಿಸಿದವಳು ನಾನೇ. ರಟ್ಟಿನ ಪೆಟ್ಟಿಗೆಗೆ ಹೊಟ್ಟು ಹಾಸಿ ಮೇಲೊಂದು ಬಲ್ಬು ತೂಗುಹಾಕಬೇಕು. ಮರಿಗಳು ಬಲ್ಬಿನಡಿ ಗುಂಪು ಕಟ್ಟಿದರೆ ಚಳಿ, ದೂರ ಸರಿದು ಬಾಯಿ ಬಿಟ್ಟರೆ ಸೆಕೆ. ನೀರಿನ ತಟ್ಟೆಗೆ ಕಲ್ಲು ಹಾಕಬೇಕು — ಕೊಕ್ಕು ಮುಳುಗಲಿ, ಮರಿ ಮುಳುಗದಿರಲಿ. ನುಚ್ಚು ಚೆಲ್ಲಿ ಬೆರಳಿನಿಂದ ಕುಟುಕಿ ತೋರಿಸಬೇಕು, ತಾಯಿ ತೋರಿಸಿದ ಹಾಗೆ. ಹಗಲಲ್ಲಿ ಬುಟ್ಟಿ ಕವುಚಿ ಬಿಸಿಲಿಗೆ ಬಿಡಬೇಕು, ಹದ್ದಿನ ಮೇಲೆ ಕಣ್ಣಿರಬೇಕು. ಎಲ್ಲದಕ್ಕೂ ನೀನು "ಯಾಕತ್ತೆ?" ಅನ್ನುತ್ತಿದ್ದೆ. ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ಯಾಕೆ ಎಂದು ಕೇಳಿರಲಿಲ್ಲ, ನನಗೆ ಅದು ಹಿತವಾಗಿತ್ತು.

ನಮ್ಮ ಕೆಂಪು ಕೋಳಿ ಕಾವಿಗೆ ಬಂದಾಗ ತಮಾಷೆಗೆ ನಿನ್ನ ಕೈಯಲ್ಲಿ ಮೊಟ್ಟೆ ಇಡಿಸಿದೆ. ಒಂದೂ ಬಿಡದೆ ಮರಿಯಾದವು. ನನ್ನ ಕೈಯಲ್ಲಿ ಎಂದೂ ಹಾಗಾಗಿರಲಿಲ್ಲ, ಒಂದೆರಡಾದರೂ ಕೊಳೆಯುತ್ತಿದ್ದವು. ಮುಂದಿನ ಸಲವೂ ಅಷ್ಟೇ. ಬೀದಿಯ ಹೆಂಗಸರು ಬಂದು ಬುಟ್ಟಿ ಎತ್ತಿ ನೋಡಿದರು, ನಿನ್ನ ಅಂಗೈ ಹಿಡಿದು ನೋಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈಯನ್ನು ಯಾರೂ ಹಾಗೆ ಹಿಡಿದು ನೋಡಿದ ನೆನಪಿಲ್ಲ.

ಆಮೇಲೆ ಎದುರು ಮನೆಯ ಜಯಮ್ಮ ಬಂದಳು. ನಾನು ಮದುವೆಯಾಗಿ ಬಂದಾಗಿನಿಂದ ಅವಳ ಕೋಳಿಗಳನ್ನೆಲ್ಲ ಕೂರಿಸಿದವಳು ನಾನು.

"ಸರೋಜಿ, ನಮ್ ಕೋಳಿ ಕಾವಿಗ್ ಬಂದದೆ. ನಿಮ್ಮನೆ ಮೊಟ್ಟೆ ಕೊಟ್ಟು ಸೊಸೆನ ಸಂಜೆಗೆ ಕಳ್ಸು."

"ನಾನೇ ಬತ್ತೀನಿ ಬುಡು."

"ನೀನ್ ಬ್ಯಾಡ ಕಣಮ್ಮಿ. ಆ ಮಗವೇ ಮಡಗ್ಲಿ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ. ನಾನು ನಕ್ಕು "ಆಯ್ತು" ಅಂದೆ. ಒಳಗೆ ಬಂದು ಹಾಲು ಕಾಯಿಸಲು ಇಟ್ಟವಳು ಅದು ಉಕ್ಕಿ ಒಲೆಯ ಮೇಲೆಲ್ಲ ಹರಿಯುವವರೆಗೂ ನೋಡುತ್ತಲೇ ನಿಂತಿದ್ದೆ.

ನೀನು ರಾಗಿಯ ಡಬ್ಬದಲ್ಲಿಟ್ಟಿದ್ದ ಮೊಟ್ಟೆಗಳನ್ನು ಒಂದೊಂದೇ ತೆಗೆದು, ಆಕಾರ ನೋಡಿ, ಬಿರುಕು ನೋಡಿ ಬುಟ್ಟಿಗೆ ಆರಿಸಿಟ್ಟು ಮುಖ ತೊಳೆಯಲು ಹೋದೆ. ನನ್ನ ಮಗ ಮಳವಳ್ಳಿಯಿಂದ ಒಂದು ಟ್ರೇ ಕಂದು ಮೊಟ್ಟೆ ತಂದಿದ್ದ. ಅಂಗಡಿಯವರು ನಾಟಿ ಎಂದೇ ಮಾರುತ್ತಾರೆ. ಫಾರಂನಲ್ಲಿ ಹುಂಜದ ಮುಖವನ್ನೇ ಕಾಣದ ಕೋಳಿಗಳು ಇಟ್ಟ ಮೊಟ್ಟೆಗಳು ಅವು. ಯುಗ ಕಳೆದರೂ ಮರಿಯಾಗುವಂಥವಲ್ಲ. ಅವುಗಳಲ್ಲಿ ಚಿಕ್ಕವನ್ನು ಆರಿಸಿದೆ, ಬುಟ್ಟಿಯ ಮೊಟ್ಟೆಗಳನ್ನು ತೆಗೆದು ಇವನ್ನು ಇಟ್ಟೆ, ಮೇಲೆ ಬಟ್ಟೆ ಮುಚ್ಚಿದೆ. ಕೈ ನಡುಗಿತು ಎಂದು ಬರೆಯಲು ಮನಸ್ಸಾಗುತ್ತಿದೆ. ಸುಳ್ಳು. ನಡುಗಲಿಲ್ಲ.

ಜಯಮ್ಮನ ಮನೆಯ ಮೂಲೆಯ ಮಬ್ಬಿನಲ್ಲೂ ನಿನಗೆ ಗೊತ್ತಾಯಿತು. "ಇವು ನಾನ್ ಆರ್ಸಿದ್ದಲ್ವಲ್ಲ ಅತ್ತೆ?" ಅಂದೆ. ಜೊತೆಗೆ ಬಂದಿದ್ದ ನಾನು "ಅವು ಬಿರುಕ್ ಬಿಟ್ಟಿದ್ವು, ಬದ್ಲಾಯಿಸ್ದೆ" ಅಂದೆ. ನೀನು ತಲೆಯಾಡಿಸಿ, ಕಣ್ಣು ಮುಚ್ಚಿ ಏನೋ ಬೇಡಿಕೊಂಡು, ಒಂದೊಂದಾಗಿ ಕೋಳಿಯ ಕೆಳಗೆ ಸರಿಸಿದೆ. ನೀನು ಆರಿಸಿಟ್ಟಿದ್ದ ಮೊಟ್ಟೆಗಳನ್ನು ನಾನು ಮಾರನೆಯ ದಿನ ಸಾರು ಮಾಡಿದೆ. ಚೆನ್ನಾಗಿದೆ ಎಂದು ನೀನು ಇನ್ನೊಂದು ಸೌಟು ಹಾಕಿಸಿಕೊಂಡೆ.

ಒಂದು ವಾರ ಕಳೆದ ಮೇಲೆ ನೀನು ಮೊಬೈಲಿನಲ್ಲಿ ಏನೋ ನೋಡಿ ಬಂದೆ. ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಬಿಟ್ಟರೆ ಒಳಗೆ ನರ ಕಟ್ಟಿರುವುದು ಕಾಣುತ್ತದಂತೆ, ಜಯಮ್ಮನ ಮನೆಗೆ ಹೋಗಿ ನೋಡಿಬರುತ್ತೇನೆ ಅಂದೆ. ನೋಡಿದ್ದರೆ ಬರೀ ಖಾಲಿ ಬೆಳಕು ಕಾಣುತ್ತಿತ್ತು, ಇನ್ನೂ ಹೊತ್ತು ಮೀರಿರಲಿಲ್ಲ, ಬೇರೆ ಮೊಟ್ಟೆ ಇಡಬಹುದಿತ್ತು — ನಾನು ಉಳಿದುಕೊಳ್ಳಲಿಕ್ಕೂ ಅದೊಂದು ದಾರಿಯಾಗಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಇದು: "ಕಾವಿಗ್ ಕುಂತಿರೋ ಮೊಟ್ಟೆ ಮುಟ್ಬಾರ್ದು ಕಣಮ್ಮ. ಮುಟ್ಟುದ್ರೆ ಕೆಟ್ಟೋಯ್ತವೆ." ಮೊಟ್ಟೆ ಬದಲಾಯಿಸಿದ್ದನ್ನು ಹಾಳು ಗಳಿಗೆಯ ಬುದ್ಧಿ ಎನ್ನಬಹುದೇನೋ. ಇದನ್ನು ಏನೆನ್ನಲಿ?

ಆ ಕೋಳಿ ಪಾಪ, ದಿನ ತುಂಬಿದರೂ ಏಳಲಿಲ್ಲ. ಮೈ ಇಳಿದು ಮೂಳೆ ಕಾಣುವವರೆಗೆ ಕೂತಿತ್ತು. ಕೊನೆಗೆ ಜಯಮ್ಮ ಮೊಟ್ಟೆಗಳನ್ನು ತಿಪ್ಪೆಗೆ ಒಡೆದಳು, ಬೀದಿ ತುಂಬ ನಾತ. "ಒಂದಾದ್ರೂ ಆಗ್ಬಾರ್ದಾಗಿತ್ತಾ" ಎಂದಳು, ಅಷ್ಟೇ. ಉಳಿದದ್ದನ್ನು ಬೇರೆಯವರು ಅಂದರು. ಮೊದಮೊದಲು ಆಗಿದ್ದು ಏನೋ ಅದೃಷ್ಟ, ಆ ಹುಡುಗಿಯ ಕೈ ಒಳ್ಳೆಯದಲ್ಲ ಎಂದರು. ನಲ್ಲಿಯ ಹತ್ತಿರ ಆ ಮಾತು ನನ್ನ ಕಿವಿಗೆ ಬಿತ್ತು. ಅತ್ತೆಯಾದವಳು ತಡೆಯಬೇಕಿತ್ತು. ನಾನು ಬಿಂದಿಗೆ ತುಂಬಿಸಿಕೊಂಡು ಬಂದೆ. ಅದಾದ ಮೇಲೆ ಕಾವಿಗೆ ಬಂದ ಕೋಳಿಗೆ ಜಯಮ್ಮ ನನ್ನನ್ನೇ ಕರೆದಳು. ಹೋದೆ. ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ.

ನಾನು ಅಂದುಕೊಂಡದ್ದು ಅಲ್ಲಿಗೆ ಮುಗಿಯಿತು ಎಂದು. ನೀನು ಕೋಳಿಗಳ ಹತ್ತಿರ ಹೋಗುವುದು ಬಿಟ್ಟೆ, ಬೇಜಾರಾಗಿದೆ, ಸರಿಹೋಗುತ್ತದೆ ಎಂದುಕೊಂಡೆ. ಹಾಲಿಗೆ ಹೆಪ್ಪು ಹಾಕುವುದನ್ನೂ ಬಿಟ್ಟೆ. "ನೀವೇ ಹಾಕಿ ಅತ್ತೆ" ಅಂದೆ. ನನ್ನ ಹಿರಿತನಕ್ಕೆ ಮರ್ಯಾದೆ ಕೊಡುತ್ತಿದ್ದಾಳೆ ಎಂದು ನಾನು ಉಬ್ಬಿದೆ. ಸಸಿಮಡಿಯ ಒಟ್ಲಿಗೆ ಭತ್ತ ಚೆಲ್ಲುವ ದಿನ ಮೊದಲ ಹಿಡಿ ಹಾಕು ಎಂದರೆ ನೀನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಆಗಲೂ ನನಗೆ — ಅಲ್ಲ, ನಿನ್ನ ಕೈಯೇ ಕೆಟ್ಟದ್ದೆಂದು ನೀನು ನಂಬಿದ್ದೀಯೆ ಎಂದು ಆಗ ತಿಳಿದಿತ್ತು. ತಿಳಿದೂ ಆ ಹಿಡಿಯನ್ನು ನಾನೇ ಚೆಲ್ಲಿದೆ.

ಈಗ ನೀನು ಬಾಣಂತನಕ್ಕೆ ಬ್ಲಫ್‌ಗೆ ಹೋಗಿದ್ದೀಯೆ. ಹೆರಿಗೆ ಇವತ್ತೋ ನಾಳೆಯೋ ಎನ್ನುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ ಊಟ, ನಿದ್ದೆ ಎಲ್ಲ ಮಾತಾಡಿದ ಮೇಲೆ ನೀನು ದನಿ ತಗ್ಗಿಸಿ ಹೇಳಿದೆ: "ಅತ್ತೆ, ಹುಟ್ಟಿದ ತಕ್ಷಣ ಮಗೂನ ನೀವೇ ಎತ್ಕೊಳ್ಳಿ. ನರ್ಸಮ್ಮನಿಗೂ ಹೇಳಿಟ್ಟಿದ್ದೀನಿ. ಮೊದ್ಲು ನನ್ ಕೈ ಬೇಡ."

ಅದನ್ನು ಕೇಳಿ ನನಗೆ ಮೊದಲು ಆದದ್ದೇನು ಗೊತ್ತೇ? ಖುಷಿ. ನಿನ್ನ ತಾಯಿಗಿಂತ ಮುಂಚೆ, ನಿನಗಿಂತ ಮುಂಚೆ, ಮೊಮ್ಮಗು ನನ್ನ ಕೈಗೆ ಬರುತ್ತದೆ ಎಂಬ ಖುಷಿ. ಒಂದು ಕ್ಷಣವಿರಬಹುದು, ಆದರೂ ಅದೇ ಮೊದಲು ಬಂದದ್ದು. ಫೋನು ಇಟ್ಟ ಮೇಲೆ ನನಗೆ ನನ್ನನ್ನು ಕಂಡು ಹೇಸಿಗೆಯಾಯಿತು. ಹೆತ್ತವಳು ತನ್ನ ಮಗುವನ್ನು ಮುಟ್ಟಲು ಹೆದರುವ ಹಾಗೆ ಮಾಡಿಟ್ಟಿದ್ದೇನೆ, ಅದರಲ್ಲೂ ನನ್ನ ಪಾಲೆಷ್ಟು ಎಂದು ನೋಡುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಜಯಮ್ಮನಿಗೆ ಎಲ್ಲ ಹೇಳಿದೆ. ನಲ್ಲಿಯ ಹತ್ತಿರವೇ, ನಾಲ್ಕು ಜನರಿದ್ದಾಗಲೇ ಹೇಳಿದೆ. ಅವಳು ನಲ್ಲಿ ನಿಲ್ಲಿಸಿ, "ಆ ಮಗೀಗೆ ಯೋಳುದ್ಯಾ?" ಎಂದಳು. ಇಲ್ಲ ಅಂದೆ. "ಮತ್ಯಾಕ್ ಇಲ್ ನಿಂತಿದ್ದೀಯೆ?" ಎಂದು ಬಿಂದಿಗೆ ಎತ್ತಿಕೊಂಡು ಹೋದಳು.

ಬಾಯಲ್ಲಿ ಹೇಳಲು ಹೊರಟರೆ ಎಲ್ಲೋ ಒಂದು ಕಡೆ ನನ್ನನ್ನು ನಾನು ಉಳಿಸಿಕೊಂಡುಬಿಡುತ್ತೇನೆ, ಅದಕ್ಕೇ ಮೊದಲು ಬರೆದುಕೊಂಡೆ. ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಿದ್ದೇನೆ. ಇಷ್ಟನ್ನೂ ನಿನ್ನೆದುರು ಕೂತು ಓದುತ್ತೇನೆ. ಕೇಳಿದ ಮೇಲೆ ನೀನು ನನ್ನ ಮುಖ ನೋಡದಿದ್ದರೆ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಒಂದೇ ಮಾತು, ನರ್ಸಮ್ಮನಿಗೆ ಹೇಳಿಟ್ಟದ್ದನ್ನು ಬದಲಾಯಿಸು. ಮಗುವನ್ನು ಮೊದಲು ನೀನೇ ಎತ್ತಿಕೊ.