ಅಡುಗೆಯವಳಿಗೂ ತಿಳಿಯುವ ಕೋಡ್

ಪಾಯ್ಸಾಂಡು ಊರಿನ ನಮ್ಮ ಕ್ಲಬ್ಬಿಗೆ ವೆಬ್‌ಸೈಟ್ ಮಾಡಿಕೊಟ್ಟವನು ವಿಲ್ಮಾರ್. ಹಗಲೆಲ್ಲ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸಂಜೆಯಾದರೆ ಬಗಲಲ್ಲಿ ಥರ್ಮಾಸ್, ಕೈಯಲ್ಲಿ ಮಾಟೆ ಎಂಬ ಎಲೆಚಹಾ ಕುಡಿಯುವ ಸೋರೆಬುರುಡೆ ಹಿಡಿದು ಕ್ಲಬ್ಬಿನ ಅಡುಗೆಮನೆಗೆ ಹಾಜರು. ನಾನು ನಿಬಿಯಾ, ಅಲ್ಲಿ ಇಪ್ಪತ್ತು ವರ್ಷದಿಂದ ಸೌಟು ಹಿಡಿದವಳು.

ಅವನಿಗೊಂದು ಹುಚ್ಚು. ವೆಬ್‌ಸೈಟ್ ಬರೆಯುವ ಭಾಷೆಗೇ ಹೊಸ ವಾಕ್ಯಗಳನ್ನು ಕಲಿಸುತ್ತಿದ್ದ. ಅದಕ್ಕೆ ಮ್ಯಾಕ್ರೋ ಅನ್ನುತ್ತಾರಂತೆ. "ಆರ್ಡರ್ ಬಂದರೆ ಅಡುಗೆಮನೆಗೆ ಹೇಳು" ಎಂದು ನಮ್ಮ ಮಾತಿನಲ್ಲೇ ಒಂದು ಸಾಲು ಬರೆದರೆ ಸಾಕು, ಯಂತ್ರ ಅದನ್ನು ತನಗೆ ಬೇಕಾದ ಹತ್ತು ಸಾಲಾಗಿ ಬಿಡಿಸಿಕೊಳ್ಳುತ್ತಿತ್ತು. ಏನಾದರೆ, ಯಾರಿಗೆ ಎಂಬುದನ್ನು ಬದಲಿಸಿ ಬೇರೆ ಸಾಲೂ ಬರೆಯಬಹುದಿತ್ತು.

"ಯಾಕೋ ಇಷ್ಟೊಂದು ಒದ್ದಾಟ?" ಎಂದೆ.

"ನಾನಿಲ್ದಾಗ್ಲೂ ನೀವೇ ಬದಲಾಯಿಸ್ಕೋಬೇಕು ಅಕ್ಕ, ಅದಕ್ಕೆ."

ನನಗಾಗಿ ಯಾರೂ ಅಷ್ಟು ತಲೆ ಕೆಡಿಸಿಕೊಂಡವರಲ್ಲ. ನಿಜ ಹೇಳುತ್ತೇನೆ, ಬಹಳ ಖುಷಿಯಾಯಿತು.

ಬಂತು ತಿಂಗಳ ಇಪ್ಪತ್ತೊಂಬತ್ತು, ವಾಡಿಕೆಯಂತೆ ಊರೆಲ್ಲ ನ್ಯೋಕಿ ಎಂಬ ಆಲೂಗಡ್ಡೆ ಉಂಡೆ ತಿನ್ನುವ ದಿನ. ಅಡುಗೆಮನೆಯ ಕಂಪ್ಯೂಟರ್ ಪರದೆ ನೂರಿಪ್ಪತ್ತು ತಟ್ಟೆ ಎಂದಿತು. ಬೆಳಿಗ್ಗೆಯಿಂದ ಆಲೂಗಡ್ಡೆ ಹಿಸುಕಿ, ಹಿಟ್ಟು ಕಲಸಿ, ಉಂಡೆ ಒತ್ತಿ ಸೊಂಟ ಬಿದ್ದುಹೋಯಿತು. ಬಂದವರು ಅರವತ್ತೇ ಜನ!

ಕ್ಲಬ್ಬಿನ ಅಧ್ಯಕ್ಷ ರುಬೆನ್ ಕೆಂಡಾಮಂಡಲ. "ನಿನ್ ಸ್ವಂತ ವಾಕ್ಯಗಳ್ನೆಲ್ಲ ಕಿತ್ ಬಿಸಾಕು! ಎಲ್ಲರ ಹಾಗೆ ಬರಿ!"

ವಿಲ್ಮಾರ್ ಮುಖ ಇಷ್ಟೇ ಇಷ್ಟಾಯಿತು. ಯಂತ್ರ ಬಿಡಿಸಿಕೊಂಡ ಸಾಲುಗಳನ್ನು ತೆರೆದು ನೋಡಿದ. ಆರ್ಡರ್ ಬರೆದುಕೊಳ್ಳುವ ಕೆಲಸ ಅಲ್ಲಿ ಎರಡು ಕಡೆ ನಡೆಯುತ್ತಿತ್ತು: ಬಂತೇ ಎಂದು ನೋಡುವಾಗ ಒಮ್ಮೆ, ನನಗೆ ಹೇಳುವಾಗ ಇನ್ನೊಮ್ಮೆ.

"ಅಯ್ಯೋ, ಎಂಥಾ ಪೆದ್ದ ನಾನು! ಒಂದೇ ಸಲ ಬರ್ಕೊಂಡು ಅದನ್ನೇ ಎರಡೂ ಕಡೆ ಬಳಸ್ಬೇಕಿತ್ತು," ಎಂದು ತಲೆ ಚಚ್ಚಿಕೊಂಡ. ಐದು ನಿಮಿಷದಲ್ಲಿ ಸರಿಮಾಡಿಯೂ ಬಿಟ್ಟ.

"ಆದ್ರೂ ಬೇಡ," ಎಂದು ರುಬೆನ್ ಬೆನ್ನು ತಿರುಗಿಸಿ ಕಿಟಕಿಯತ್ತ ಹೋದರು.

ನನಗೆ ಪಿತ್ತ ನೆತ್ತಿಗೇರಿತು. ಕೈಯ ಹಿಟ್ಟನ್ನೂ ತೊಳೆಯದೆ ಕೀಬೋರ್ಡ್ ಮುಂದೆ ಕುಳಿತೆ. ವಿಲ್ಮಾರನನ್ನು ಒಂದು ಮಾತೂ ಕೇಳದೆ, ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ: "ನ್ಯೋಕಿ ಉಳಿದರೆ ಸದಸ್ಯರಿಗೆಲ್ಲ ಹೇಳು."

ಮೊದಲು ಗುಂಯ್‌ಗುಟ್ಟಿದ್ದು ರುಬೆನ್ ಜೇಬಿನ ಫೋನು. ನ್ಯೋಕಿ ಉಳಿದಿದೆ, ಬನ್ನಿ ಎಂದಿತ್ತು. ಹೊರಗೆ ಆಗಲೇ ಯಾರೋ ತಟ್ಟೆ ಹಿಡಿದು ಬಾಗಿಲು ತಟ್ಟುತ್ತಿದ್ದರು.

"ಇದನ್ನ ಬರೆದಿದ್ದು ಯಾರು?" ಎಂದು ರುಬೆನ್ ಇತ್ತ ತಿರುಗಿದರು.

"ನಾನೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟೋಳು."

ರುಬೆನ್ ಪರದೆಯ ಮೇಲಿನ ನನ್ನ ಸಾಲನ್ನು ಎರಡು ಸಲ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತರು.

"ಕೀಳ್ಬೇಡ ಕಣೋ ವಿಲ್ಮಾರ್," ಎಂದರು. "ನನಗೂ ಕಲಿಸು."